ನೋಂದಾಯಿತ ಕಣ್ಣೀರು

ನನಗೆ ಅಳು ಬರುವುದಿಲ್ಲ. ಹುಟ್ಟಿದಾಗಲೂ ಅಳಲಿಲ್ಲವಂತೆ, ಸೂಲಗಿತ್ತಿ ನಾಲ್ಕು ಬಾರಿಸಿದ ಮೇಲೆ ಕೆಮ್ಮಿದೆನಂತೆ. ಇಂಥ ನಾನು ಕುಮಾಸಿ ಪಟ್ಟಣದಲ್ಲಿ ಹದಿನಾಲ್ಕು ವರ್ಷದಿಂದ ಬೇರೆಯವರ ಮನೆ ಹೆಣದ ಮುಂದೆ ಅತ್ತು ಹೊಟ್ಟೆ ಹೊರೆಯುತ್ತಿದ್ದೇನೆ. ಕಣ್ಣಂಚಿಗೆ ಒಂದಿಷ್ಟು ತಲೆನೋವಿನ ಮುಲಾಮು ಸವರಿಕೊಂಡರೆ ಸಾಕು, ಸತ್ತವನು ನನ್ನ ಒಡಹುಟ್ಟಿದವನೇ ಎಂದು ನೆಂಟರೆಲ್ಲ ನಂಬುತ್ತಾರೆ.

ನಮ್ಮ ಮೇಳದ ಒಡತಿ ಅಫ್ರಾಕೋಮಾ. ಶನಿವಾರ ಬಂದರೆ ಕಪ್ಪು ಕೆಂಪು ಬಟ್ಟೆ ಉಟ್ಟು ಎರಡು ಮೂರು ಸಾವಿನ ಮನೆ ಸುತ್ತುತ್ತಿದ್ದೆವು. ಈಚೆಗೆ ಫೋನಿನಲ್ಲಿ ಮೇಳದ ಪುಟ ನೋಡದೆ ಯಾರೂ ಕರೆಯುವುದಿಲ್ಲ. ಊರಿನ ಪ್ರತಿಯೊಂದು ಮೇಳವೂ ತನ್ನ ಪುಟದಲ್ಲಿ ‘ನಿಜವಾದ ಕಣ್ಣೀರು’ ಎಂದು ಬರೆದುಕೊಳ್ಳುತ್ತಿತ್ತು. ಒಂದು ದಿನ ಅಫ್ರಾಕೋಮಾ ಆ ಎರಡು ಪದಗಳನ್ನು ತನ್ನ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡು ಬಂದಳು.

“ಅಲ್ಲಕ್ಕ, ಮುದ್ದೆ ಮಾರೋರು ಎಲ್ರೂ ಬಿಸಿ ಕೆಂಕೆ ಅಂತ ಬರ್ಕೊತಾರೆ. ಬಿಸಿ ಅನ್ನೋದನ್ನ ಒಬ್ಳೇ ಬರೆಸ್ಕೊಂಡ್ರೆ ಉಳಿದೋರು ತಣ್ಣಗಿನ ಕೆಂಕೆ ಮಾರ್ಬೇಕಾ?” ಎಂದೆ.

“ಮಾರ್ಲಿ,” ಎಂದಳು ಅವಳು.

ಅವಳ ಕಣ್ಣಿದ್ದದ್ದು ಟಿವಾ ಮೇಲೆ. ಟಿವಾ ಮೊದಲು ನಮ್ಮ ಮೇಳದಲ್ಲೇ ಮುಂದೆ ನಿಂತು ಶೋಕಗೀತೆ ಹೇಳುತ್ತಿದ್ದವಳು. ಗಂಡ, ಇಬ್ಬರು ಗಂಡುಮಕ್ಕಳು ಒಂದೇ ಲಾರಿ ಅಪಘಾತದಲ್ಲಿ ಹೋದರು. ಆಮೇಲೆ ಯಾರ ಹೆಣ ಕಂಡರೂ ಅವಳಿಗೆ ತನ್ನ ಮೂವರೇ ಕಾಣುತ್ತಿದ್ದರು. ಇಡೀ ಕಸುಬಿನಲ್ಲಿ ಮುಲಾಮು ಮುಟ್ಟದವಳು ಅವಳೊಬ್ಬಳೇ. ಬೇರೆಯಾಗಿ ಸ್ವಂತ ಪುಟ ತೆರೆದಾಗ ಜನ ಅವಳ ಹಿಂದೆಯೇ ಹೋದರು. ನನಗೆ ಹಾಡು ಕಲಿಸಿದ್ದು ಅವಳೇ, ಅವಳು ಬಿಟ್ಟ ಜಾಗ ಸಿಕ್ಕಿದ್ದು ನನಗೇ. ಆದರೂ ಸಾವಿನ ಮನೆಯವರು ನನ್ನ ಮುಖ ನೋಡಿ “ಟಿವಾ ಬರ್ಲಿಲ್ವಾ?” ಎಂದು ಕೇಳುತ್ತಿದ್ದರು. ಹೊಟ್ಟೆಕಿಚ್ಚಿಗೆ ಬೇರೆ ಕಾರಣ ಬೇಕೇ?

ಪುಟಗಳನ್ನು ನಡೆಸುವ ಕಂಪನಿಗೆ ದೂರು ತುಂಬಿದವಳು ನಾನೇ. ಈ ಪದಗಳು ನಮ್ಮವು, ಇವಳು ಕದ್ದಿದ್ದಾಳೆ ಎಂದು ಬರೆದೆ. ಎರಡೇ ದಿನದಲ್ಲಿ ಟಿವಾಳ ಪುಟ ಮಾಯವಾಯಿತು, ಅದರ ಜೊತೆಗೆ ಅವಳ ಫೋನೂ ಮೂಕವಾಯಿತು. ಅವಳು ಸುಮ್ಮನೆ ಕೂರಲಿಲ್ಲ, ತಕರಾರು ತೆಗೆದಳು. ಕೊನೆಗೆ ಎರಡೂ ಕಡೆಯವರು ಒಬ್ಬ ನಿವೃತ್ತ ನ್ಯಾಯಾಧೀಶರ ಮಾತಿಗೆ ಒಪ್ಪಿದರು. ಮುದುಕನಿಗೆ ಊರು ಹೋಗು ಅನ್ನುತ್ತಿತ್ತು, ಕಾಡು ಬಾ ಅನ್ನುತ್ತಿತ್ತು, ಆದರೂ ತೀರ್ಪು ಹೇಳುವ ಚಪಲ ಬಿಟ್ಟಿರಲಿಲ್ಲ. ಅವರು ಟಿವಾಳ ಕಡೆ ಹೇಳಿದರೆ ಪುಟ ವಾಪಸ್ಸು, ಇಲ್ಲವಾದರೆ ಅವಳ ಕಸುಬು ಅಲ್ಲಿಗೆ ಮುಗಿಯಿತು.

ಹಿಂದಿನ ದಿನ ನಮ್ಮ ವಕೀಲ ಆಸಿಯಾಮಾ ಮುಖ ಬಾಡಿಸಿಕೊಂಡು ಕೂತಿದ್ದ. “ಕಾನೂನು ಅವಳ ಕಡೆಗಿದೆ. ಮಾಡೋ ಕೆಲಸ ಏನು ಅಂತ ಹೇಳೋ ಪದ ಒಬ್ಬರ ಸ್ವತ್ತಾಗಲ್ಲ. ಆಕೆ ಕಣ್ಣೀರು ನಿಜ ಅಂತ ಆಗ್ಬಿಟ್ರೆ ನಾವು ಕೆಟ್ವಿ.”

“ಅಳು ಅನ್ನಿ ಸಾರ್, ಅಳಲ್ಲ ಅವಳು,” ಎಂದೆ.

ಹೆಣವಿಲ್ಲದೆ ಅತ್ತರೆ ಅತ್ತವರ ಮನೆಯಿಂದಲೇ ಒಂದು ಹೆಣ ಕರೆದಂತೆ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹಾಗಾದರೆ ಈ ವಿದ್ಯೆ ಕಲಿಸುವುದು ಹೇಗೆ? ತುಟಿಗಳ ನಡುವೆ ಒಂದು ಹೋಳು ಈರುಳ್ಳಿ ಕಚ್ಚಿಕೊಳ್ಳಬೇಕು. ಆಗ ಸಾವು ಇಣುಕಿ ನೋಡಿ, ಇದು ಈರುಳ್ಳಿಯ ಉರಿ ಎಂದುಕೊಂಡು ಮುಂದೆ ಹೋಗುತ್ತದೆ. ಟಿವಾ ನನಗೆ ಕಲಿಸಿದ್ದೂ ಹಾಗೆಯೇ, ತನ್ನ ಅಂಗಳದಲ್ಲಿ, ಒಂದೇ ಈರುಳ್ಳಿಯನ್ನು ಎರಡು ಹೋಳು ಮಾಡಿ. ಇದನ್ನೆಲ್ಲ ಹೇಳಿದಾಗ ಆಸಿಯಾಮಾನ ಮುಖ ಅರಳಿತು. ಗುರುವಿಗೇ ತಿರುಮಂತ್ರ ಹಾಕಿದೆ. ಆ ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು.

ಮರುದಿನ ಬೆಳಿಗ್ಗೆ ಆದುಮ್ ಪೇಟೆಯಲ್ಲಿರುವ ಆಸಿಯಾಮಾನ ಕಚೇರಿ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಟಿವಾ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಉಟ್ಟು ಒಬ್ಬಳೇ ಬಂದಿದ್ದಳು.

ಆಸಿಯಾಮಾ ಶುರು ಮಾಡಿದ. “ಸ್ವಾಮಿ, ಈ ಕಸುಬಲ್ಲಿ ಯಾರ ಕಣ್ಣೀರೂ ನಿಜ ಅಲ್ಲ. ನಮ್ಮ ಅಫ್ರಾಕೋಮಾ ಅವರದ್ದೂ ಅಲ್ಲ, ಮುಲಾಮು. ಅಂದ್ಮೇಲೆ ಆ ಮಾತು ಕೆಲಸದ ವಿವರ ಅಲ್ಲ, ಬರೀ ಒಂದು ಹೆಸರು. ಹೆಸರು ಮೊದಲು ಬರೆಸ್ಕೊಂಡೋರದ್ದು. ಈಕೇದು ನಿಜ ಅನ್ನೋದಾದ್ರೆ ಇಲ್ಲೇ ತೋರಿಸ್ಲಿ.”

“ಹೆಣ ಎಲ್ಲಿ?” ಎಂದಳು ಟಿವಾ.

ಅಫ್ರಾಕೋಮಾ ನಕ್ಕಳು. ನಾನೂ ನಕ್ಕೆ.

ನ್ಯಾಯಾಧೀಶರೂ ನಮ್ಮ ಜನವೇ, ಅವರಿಗೆ ಗೊತ್ತಿಲ್ಲದ್ದೇನಿಲ್ಲ. ಮೇಜು ನೋಡುತ್ತಾ, “ಬಲವಂತ ಇಲ್ಲಮ್ಮ. ಆದ್ರೆ ಕಾಣದ್ದನ್ನ ನಾನು ಹೆಂಗೆ ಬರೀಲಿ?” ಎಂದರು.

ಆಸಿಯಾಮಾ ಚೀಲದಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಡಿಸಿದ. ಒಳಗೆ ಎರಡು ಹೋಳು ಮಾಡಿದ ಈರುಳ್ಳಿ. ಅದನ್ನು ಸಂತೆಯಿಂದ ತಂದು ಹೆಚ್ಚಿಕೊಟ್ಟವಳು ನಾನೇ. “ಭಯ ಇದ್ರೆ ಇದನ್ನ ಕಚ್ಕೊಳ್ಳಿ. ಆದ್ರೆ ಆಗ ಬರೋ ನೀರನ್ನ ಈರುಳ್ಳಿ ನೀರು ಅಂತಾನೇ ಬರ್ಕೋಬೇಕಾಗತ್ತೆ.”

ಟಿವಾ ಈರುಳ್ಳಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. “ಬಿರಾಗೊ ಏಳು ತಿಂಗಳ ಬಸುರಿ,” ಎಂದಳು ನನಗೇ ಹೇಳುವಂತೆ. ಬಿರಾಗೊ ಅವಳ ಮಗಳು, ಆ ಮನೆಯಲ್ಲಿ ಉಳಿದ ಒಂದೇ ಜೀವ. ಚಿಕ್ಕಂದಿನಲ್ಲಿ ನಾನು ಬೆನ್ನಿಗೆ ಕಟ್ಟಿಕೊಂಡು ತಿರುಗಿದ ಹುಡುಗಿ. “ನಾನು ಅಳಲ್ಲ ಸ್ವಾಮಿ. ಏನು ಬರೀಬೇಕೋ ಬರ್ಕೊಳ್ಳಿ.”

ಬರೆದರು. ಆ ಪದಗಳು ಅಫ್ರಾಕೋಮಾಳವು, ಟಿವಾ ಇನ್ನು ಎಲ್ಲಿಯೂ ಅವನ್ನು ಬಳಸಕೂಡದು, ಪುಟ ಮುಚ್ಚಿದ್ದು ಸರಿ.

ನಾವು ಹೊರಗೆ ಬಂದಾಗ ಟಿವಾ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. ತುಟಿಯನ್ನು ಬೆರಳುಗಳಿಂದ ಹಿಂಡಿ ಹಿಡಿದಿದ್ದಳು. ಸದ್ದಿಲ್ಲ. ಆದರೂ ಕಣ್ಣಿಂದ ನೀರು ಇಳಿಯುತ್ತಿತ್ತು, ಅದು ಅವಳ ಮಾತು ಕೇಳುತ್ತಿರಲಿಲ್ಲ. ಒರೆಸಿದಷ್ಟೂ ಬರುತ್ತಿತ್ತು. “ಬಿಸಿಲು, ಬಿಸಿಲು,” ಎಂದು ಯಾರಿಗೋ ಹೇಳುತ್ತಿದ್ದಳು.

“ಫೋನ್ ತೆಗಿಯೇ,” ಎಂದಳು ಅಫ್ರಾಕೋಮಾ ನನ್ನ ಕಿವಿಯಲ್ಲಿ.

ತೆಗೆದೆ. ನಲವತ್ತು ಸೆಕೆಂಡು ವಿಡಿಯೊ ಹಿಡಿದೆ.

ಶುಕ್ರವಾರ ಅದು ನಮ್ಮ ಪುಟದಲ್ಲಿ ಜಾಹೀರಾತಾಗಿ ಬಂತು. ಟಿವಾಳ ಮುಖ, ಕೆಳಗೆ ದೊಡ್ಡಕ್ಷರದಲ್ಲಿ ‘ನಿಜವಾದ ಕಣ್ಣೀರು’, ಅದರ ಪಕ್ಕ ನೋಂದಣಿಯ ಚಿಹ್ನೆ. ಮಧ್ಯಾಹ್ನದೊಳಗೆ ಒಂಬತ್ತು ಸಾವಿನ ಮನೆಯವರು ಕರೆದರು. ಹತ್ತನೆಯ ಕರೆ ಬಿರಾಗೊದು.

“ಚಿಕ್ಕಮ್ಮ, ಅವ್ವ ಅಳ್ತಿರೋದು ನೋಡ್ದೆ. ಯಾರು ಹೋದ್ರು?”

“ಯಾರೂ ಇಲ್ಲ ಕಣೇ. ಅದು ಜಾಹೀರಾತು.”

“ಯಾರೂ ಹೋಗಿಲ್ವಾ?” ಅವಳ ಉಸಿರು ಕೇಳುತ್ತಿತ್ತು. “ಬೆಳಿಗ್ಗೆಯಿಂದ ಮಗು ಅಲ್ಲಾಡ್ತಿಲ್ಲ ಚಿಕ್ಕಮ್ಮ. ಅವ್ವನ್ನ ಕೇಳಿದ್ರೆ ಬಾಗಿಲು ಹಾಕ್ಕೊಂಡು ಕೂತಿದಾಳೆ. ಯಾರಿಗೋಸ್ಕರ ಅತ್ಲು ಹೇಳಿ. ಅವಳಿಗೆ ಇರೋದು ನಾನೊಬ್ಳೇ ಅಲ್ವಾ?”

“ಈರುಳ್ಳಿ ಕಣೇ. ಬಾಯಲ್ಲಿ ಈರುಳ್ಳಿ ಇಟ್ಕೊಂಡಿದ್ಲು, ನಾನೇ ನೋಡ್ದೆ. ನನ್ನಾಣೆ.”

“ಮತ್ತೆ ಕೆಳಗೆ ನಿಜವಾದ ಕಣ್ಣೀರು ಅಂತ ಯಾಕೆ ಬರ್ದಿದೀರಿ?”

ಫೋನಿಗೆ ಕೈ ಅಡ್ಡ ಹಿಡಿದು ಅದೇ ಪ್ರಶ್ನೆಯನ್ನು ಅಫ್ರಾಕೋಮಾಳಿಗೆ ದಾಟಿಸಿದೆ. ಅವಳು ಮರುದಿನದ ಶನಿವಾರಕ್ಕೆ ಕಪ್ಪು ಬಟ್ಟೆ ಮಡಚುತ್ತಿದ್ದಳು.

“ಹಂಗೆ ಬರ್ಕೊಳ್ಳೋ ಹಕ್ಕು ನಮ್ಮೊಬ್ರದ್ದೇ ಅಂತ ಹೇಳು,” ಎಂದಳು.

ಹೇಳಿದೆ.