ಕಣ್ಣು ಮುಚ್ಚಿ ಬಾರಿಸಿದವನು

ಅಮೆರಿಕದ ಟೊಲೀಡೊ ಊರಿನ ಆ ರಾಕ್ ಬ್ಯಾಂಡು ಮೂವತ್ತು ವರ್ಷ ಹಾಡಿ, ಕಾಮಿಕ್ಸ್ ಪುಸ್ತಕವನ್ನೂ ತಂದು, ಈಗ ತನ್ನದೇ ಕಥೆಯ ಕಾರ್ಟೂನ್ ಸಿನಿಮಾಕ್ಕೆ ಕೈ ಹಾಕಿತ್ತು. ಡ್ರಮ್ ಬಾರಿಸುವ ಲಾಯ್ಡ್‌ಗೆ ಇದೆಲ್ಲ ಬರೀ ಮಕ್ಕಳಾಟ. ಗೊಣಗುತ್ತಲೇ ಸ್ಟುಡಿಯೊಗೆ ಬಂದು ಗಾಯಕಿ ಡೋರೀನ್ ಪಕ್ಕದಲ್ಲಿ ಕೂತ.

ಪರದೆಯ ಮೇಲೆ ಹಾಡು ಶುರುವಾಯಿತು. ಪಲ್ಲವಿ ಬಂದೊಡನೆ, ವೇದಿಕೆಯಲ್ಲಿ ಮಾಡುತ್ತಿದ್ದ ಹಾಗೆಯೇ, ಲಾಯ್ಡ್ ಕಣ್ಣು ಮುಚ್ಚಿದ. ಡೋರೀನ್ ಮೊಣಕೈಯಿಂದ ತಿವಿದಳು.

"ಕಣ್ಣು ಬಿಡೋ ಮಾರಾಯ! ಇಲ್ಲೇನು ನೀನು ಬಾರಿಸ್ತಿದ್ದೀಯಾ?"

ಬಿಟ್ಟ. ಎರಡು ವರ್ಷದ ಹಿಂದೆ ತೀರಿಹೋದ, ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ ವೆಂಡೆಲ್ ಪರದೆಯ ಗೆರೆಗಳಲ್ಲಿ ಎದ್ದು ಬಂದು, ಕಾರ್ಟೂನ್ ಲಾಯ್ಡ್‌ನತ್ತ ತಿರುಗಿ ಬಾಯ್ತುಂಬ ನಗುತ್ತಿದ್ದ.

"ಶುದ್ಧ ಸುಳ್ಳು! ಆ ಸಿಡುಕುಮೂತಿ ಯಾವತ್ತು ನಕ್ಕಿದ್ದ?" ಎಂದು ಲಾಯ್ಡ್ ರೇಗಿದ.

ಚಿತ್ರ ಬರೆದ ಪ್ರಿಸಿಲ್ಲಾ ಅಳುಕುತ್ತಲೇ ಹೇಳಿದಳು: "ನಿಮ್ಮ ಹಳೇ ಶೋಗಳದ್ದು ನಲವತ್ತೊಂದು ಟೇಪು ನೋಡಿದೀನಿ ಸರ್. ಪಲ್ಲವಿ ಬಂದಾಗೆಲ್ಲ ನಿಮ್ಮ ಕಡೆ ತಿರುಗಿ ನಗ್ತಾರೆ. ಒಂದ್ಸಲಾನೂ ತಪ್ಪಿಸಿಲ್ಲ. ನೀವು ಕಣ್ಣು ಮುಚ್ಚಿರ್ತೀರಿ, ಅಷ್ಟೇ."

ಲಾಯ್ಡ್ ಮತ್ತೆ ಪರದೆಯತ್ತ ತಿರುಗಿದ. ಮೂವತ್ತು ವರ್ಷ ಆ ನಗು ಕೈಯಳತೆಯಲ್ಲೇ ಇತ್ತು!

"ಇನ್ನೊಂದ್ಸಲ ಹಾಕಮ್ಮಾ," ಎಂದ ಮೆಲ್ಲಗೆ.

ಹಾಡು ಮತ್ತೆ ಶುರುವಾಯಿತು. ಪಲ್ಲವಿ ಹತ್ತಿರವಾದಂತೆ ಅವನು ತನ್ನೆರಡು ರೆಪ್ಪೆಗಳನ್ನು ಬೆರಳಿನಿಂದ ಎತ್ತಿ ಹಿಡಿದುಕೊಂಡ.