ಪೆಟ್ಟಿಗೆಯ ಮೇಲೆ ಕೂತ ಅತ್ತೆ

ಮೂಲ ಹಾಸ್ಯ ಕಾದಂಬರಿಯಲ್ಲಿ ಪೆಟ್ಟಿಗೆಯ ಪ್ರಸಂಗಕ್ಕೆ ಎರಡು ಸಾಲೂ ಇಲ್ಲ. ಅತ್ತೆಗೆ ಹೆದರಿದ ಅಳಿಯ ಪೆಟ್ಟಿಗೆಯೊಳಗೆ ಅಡಗುತ್ತಾನೆ, ಅತ್ತೆ ಬಂದು ಅದರ ಮೇಲೆಯೇ ಕೂರುತ್ತಾಳೆ, ಅಷ್ಟೆ. ಅದನ್ನು ನಾಟಕ ಮಾಡಿದ ಮೊದಲ ವರ್ಷ ಯಾರೂ ನಗಲಿಲ್ಲ. ನಿರ್ದೇಶಕ ಮೇಷ್ಟ್ರು ತಲೆಮೇಲೆ ಕೈಹೊತ್ತು ಕೂತರು. ಆಮೇಲೊಂದು ದಿನ ಒಳಗಿದ್ದ ಅಳಿಯ ಕಾಲು ಜೋಮು ಹಿಡಿದು, ತಡೆಯಲಾರದೆ ದಬದಬ ಬಡಿದ. ಮೇಲಿದ್ದ ಅತ್ತೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟಳು, ಹೆಗ್ಗಣ ಸೇರಿಕೊಂಡಿದೆ, ಬಡಕೊಳ್ಳಲಿ ಬಿಡಿ ಅಂತ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾಟಕದ ನಸೀಬು ಖುಲಾಯಿಸಿತು. ನಗು ನಿಲ್ಲುವವರೆಗೂ ಅತ್ತೆ ಏಳಕೂಡದು ಎಂದು ಮೇಷ್ಟ್ರು ಕಟ್ಟಳೆ ಮಾಡಿದರು. ಊರಿಂದೂರಿಗೆ ಬಡಿತ ಜೋರಾಯಿತು, ನಗು ಉದ್ದವಾಯಿತು.

ಅತ್ತೆಯ ಪಾತ್ರದವಳು ಅಳಿಯನ ಪಾತ್ರದವನ ಸ್ವಂತ ಹೆಂಡತಿ. ಗಂಡನಿಗೇ ಅತ್ತೆಯಾದ ಪುಣ್ಯಾತ್ಗಿತ್ತಿ ಎಂದು ತಂಡದವರು ಛೇಡಿಸಿದರೆ ಅವಳೂ ನಗುತ್ತಿದ್ದಳು. ಆದರೆ ಗಂಡನಿಗೆ ಉಬ್ಬಸ ಶುರುವಾದ ಮೇಲೆ ಆ ದೃಶ್ಯ ಬಂತೆಂದರೆ ಅವಳ ಎದೆ ಡವಗುಟ್ಟುತ್ತಿತ್ತು. ಅದಕ್ಕೇ ಇಬ್ಬರೂ ಒಂದು ಉಪಾಯ ಮಾಡಿಕೊಂಡಿದ್ದರು. ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿಗೆಂದು ತೂತುಗಳಿದ್ದವು. ಅವಳು ಶಾಲಿನ ಮರೆಯಲ್ಲಿ ಕೈ ಇಳಿಬಿಟ್ಟು ತೂತಿನೊಳಗೆ ಬೆರಳು ತೂರಿಸುವಳು, ಅವನು ಒಳಗಿನಿಂದ ಚಿವುಟುವನು. ಚಿವುಟಿದನೆಂದರೆ ಅವಳಿಗೆ ಸಮಾಧಾನ.

ಹಳೆಯ ಪೆಟ್ಟಿಗೆ ಗೆದ್ದಲು ಹಿಡಿದು ಹಾಳಾಯಿತು. ಬಡಗಿ ಮಾಡಿಕೊಟ್ಟ ಹೊಸದರಲ್ಲೂ ತೂತುಗಳಿದ್ದವು. ಆದರೆ ಪರದೆ ಬರೆಯುವ ಪೇಂಟರು ಬಲು ಅಚ್ಚುಕಟ್ಟಿನ ಆಸಾಮಿ. ರಂಗದ ಪಕ್ಕದಲ್ಲಿ ಕೂತ ಜನರಿಗೆ ತೂತು ಕಂಡರೆ ಚೆನ್ನಾಗಿರುವುದಿಲ್ಲವೆಂದು ದಪ್ಪ ಬಟ್ಟೆ ಅಂಟಿಸಿ, ಮೇಲೆ ವಾರ್ನಿಷ್ ಬಳಿದಿದ್ದ. ಯಾರಿಗೂ ಒಂದು ಮಾತು ಹೇಳಿರಲಿಲ್ಲ.

ಹೊಸ ಪೆಟ್ಟಿಗೆ ರಂಗಕ್ಕೆ ಬಂದ ಆ ಸಂಜೆ ಅವಳ ಬೆರಳಿಗೆ ತೂತು ಸಿಗಲಿಲ್ಲ. ನುಣ್ಣನೆ ಬಟ್ಟೆಯ ಮೇಲೆ ಅತ್ತಿತ್ತ ತಡಕಾಡಿದಳು, ಉಗುರಿನಿಂದ ಕೆರೆದಳು. ವಾರ್ನಿಷ್ ವಾಸನೆ ಮೂಗಿಗೆ ಹೊಡೆಯಿತು. ಹೊರಗಿರುವ ತನಗೇ ಹೀಗಾದರೆ ಒಳಗಿರುವವರ ಗತಿಯೇನು ಎಂದುಕೊಂಡಳು. ಅಷ್ಟರಲ್ಲಿ ಬಡಿತ ಶುರುವಾಯಿತು. ಬಾಯಿಪಾಠವಾಗಿದ್ದ ಹೆಗ್ಗಣದ ಮಾತು ತಾನಾಗಿ ಹೊರಬಿತ್ತು, ಜನ ಬಿದ್ದುಬಿದ್ದು ನಕ್ಕರು. ಬಡಿತ ಎಂದಿನ ಹಾಗಿರಲಿಲ್ಲ. ಅವಳು ಪಕ್ಕದ ಪರದೆಯತ್ತ ನೋಡಿದಳು. ಮೇಷ್ಟ್ರು ಖುಷಿಯಿಂದ, ಕೂತಿರು ಎಂದು ಕೈಸನ್ನೆ ಮಾಡಿದರು. ಬಡಿತ ನಿಂತುಹೋಯಿತು. ನಗು ನಿಲ್ಲಲಿಲ್ಲ.

ಕಟ್ಟಳೆ ಹಾಳಾಗಲಿ ಎಂದು ಎದ್ದು ಮುಚ್ಚಳ ಎತ್ತಿದಳು. ಅವನ ತುಟಿ ನೀಲಿಗಟ್ಟಿತ್ತು. ಕುತ್ತಿಗೆಪಟ್ಟಿ ಹಿಡಿದು ಎಳೆದು ಕೂರಿಸಿ, ಬೆನ್ನು ಗುದ್ದುತ್ತಾ, "ರೀ, ಉಸಿರು ತಗೊಳ್ರೀ, ನನ್ನ ಬಿಟ್ಟು ಹೋಗ್ಬೇಡಿ," ಎಂದು ಅತ್ತಳು. ಅತ್ತೆ ಅಳಿಯನನ್ನು ರೀ ಎಂದದ್ದೇ ತಡ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಗದ್ದಲದ ನಡುವೆ ಅವನು ಸಿಳ್ಳೆ ಹಾಕಿದ ಹಾಗೆ ಒಂದು ಉಸಿರು ಎಳೆದುಕೊಂಡ. ಪರದೆ ಬಿತ್ತು.

ಬಣ್ಣದ ಕೋಣೆಯಲ್ಲಿ ಮೇಷ್ಟ್ರು ಪೇಂಟರಿಗೆ ಮುಖಕ್ಕೆ ಮಂಗಳಾರತಿ ಎತ್ತಿ, ಬಟ್ಟೆ ಕೀಳಿಸಿದರು. ಆಮೇಲೆ ಗಂಡಹೆಂಡಿರ ಮುಂದೆ ಬಂದರು.

"ಇಷ್ಟು ವರ್ಷದಲ್ಲಿ ಇಂಥ ನಗು ಕೇಳಿರ್ಲಿಲ್ಲಮ್ಮ. ಆ ಮುಚ್ಚಳ ತೆಗೆಯೋದು, ಗುದ್ದೋದು, ಅಳೋದು, ಹಾಗೇ ಇಟ್ಕೊಳ್ಳೋಣ್ವಾ?"

ಅವಳು ಗಂಡನ ಮುಖ ನೋಡಿದಳು, ಅವನೇ ಬೇಡ ಅನ್ನಲಿ ಎಂದು. ಅವನ ಉಸಿರು ಇನ್ನೂ ಸಿಳ್ಳೆ ಹಾಕುತ್ತಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು.

"ನೀನು ಅಳೋವಾಗ ಮುಖ ಇನ್ನೊಂಚೂರು ಜನರ ಕಡೆ ತಿರುಗಿಸ್ಬೇಕಿತ್ತು ಕಣೇ," ಅಂದ. "ನಾಳೆ ನಾನು ಇನ್ನೂ ಸ್ವಲ್ಪ ಹೊತ್ತು ಒದ್ದಾಡ್ತೀನಿ."

ತೂತು ತೆರೆದಿದ್ದರೂ ಒದ್ದಾಡುವ ಕೈ ಚಿವುಟುವುದಿಲ್ಲ, ನಾಳೆಯಿಂದ ಅವನ ಒದ್ದಾಟದಲ್ಲಿ ಆಟ ಯಾವುದು, ಪ್ರಾಣ ಹೋಗುವುದು ಯಾವುದು ಎಂದು ತನಗೂ ತಿಳಿಯುವುದಿಲ್ಲ ಎಂಬುದು ಅವಳಿಗೆ ಹೊಳೆಯಿತು.