ಹಂಸನೂ ಬರಲಿ

"ಇದು ನಿಮ್ಮ ಕೈಬರಹಾನೇ ತಾನೆ?"

ವಕೀಲೆ ಶಾಂತಕುಮಾರಿ ಮೇಜಿನ ಮೇಲಿದ್ದ ಜೆರಾಕ್ಸ್ ಹಾಳೆಯನ್ನು ಸುಕನ್ಯಳ ಕಡೆಗೆ ತಿರುಗಿಸಿದರು. ಸುಕನ್ಯಳಿಗೆ ಓದಿ ನೋಡುವ ಅಗತ್ಯ ಬೀಳಲಿಲ್ಲ. ಎಡಗಡೆ ಅಂಚು ಬಿಟ್ಟು, ಅಂಕಿ ಹಾಕಿ, ಮುಖ್ಯವಾದ ಮಾತುಗಳ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದ ಹದಿನೇಳು ಅಂಶಗಳು. ಸಂಜೆ ಕಾಲೇಜಿನಲ್ಲಿ ಪರೀಕ್ಷೆ ಬರೆಯುತ್ತಿದ್ದ ಹಾಗೆಯೇ ಬರೆದಿದ್ದಳು. ಹಲಸೂರಿನ ಆ ಮಹಡಿ ಕೋಣೆಯ ಕಿಟಕಿಯಿಂದ ಬಸ್ಸುಗಳ ಹಾರನ್ ಒಂದೇ ಸಮನೆ ಕೇಳಿಸುತ್ತಿತ್ತು.

"ನಂದೇ ಮೇಡಂ. ಲಿಖಿತ್‌ನ ಅವ್ರಪ್ಪನ ಮನೆಗೆ ಮೊದಲನೇ ಸಲ ಕಳಿಸ್ದಾಗ ಬ್ಯಾಗಲ್ಲಿ ಇಟ್ಟಿದ್ದೆ. ಅವ್ರಿಗೆ ತೊಂದ್ರೆ ಆಗ್ಬಾರ್ದು ಅಂತ."

"ಅವ್ರಿಗೆ ತೊಂದ್ರೆ ಆಗ್ಬಾರ್ದು ಅಂತ." ಶಾಂತಕುಮಾರಿ ಅದೇ ಮಾತನ್ನು ನಿಧಾನವಾಗಿ ಹೇಳಿ ಕನ್ನಡಕ ತೆಗೆದಿಟ್ಟರು. "ಹನ್ನೊಂದನೇದು ಓದಮ್ಮ."

ಹನ್ನೊಂದನೆಯದು ಹೀಗಿತ್ತು: ಹಟ ಮಾಡಿ ಊಟ ಬಿಟ್ಟರೆ ಬಲವಂತ ಬೇಡ; ಹಂಸ ಕಲಸಿ ತುತ್ತು ಮಾಡಿ ಕೊಟ್ಟರೆ ತಿನ್ನುತ್ತಾನೆ. ಹನ್ನೆರಡು: ಹಂಸ ಪಕ್ಕದಲ್ಲಿ ಮಲಗಿದರೆ ಹಾಸಿಗೆ ಒದ್ದೆ ಮಾಡಿಕೊಳ್ಳುವುದಿಲ್ಲ. ಹದಿಮೂರು: ನಾನು ಕಾಲೇಜಿಗೆ ಹೋಗುತ್ತಿದ್ದಾಗಿನಿಂದ ಅವನಿಗೆ ಇದೇ ಅಭ್ಯಾಸ.

ಆ ಮೂರು ಅಂಶಗಳನ್ನು ಬರೆಯಬೇಕೇ ಬೇಡವೇ ಎಂದು ಅವಳು ಅಂದೇ ಯೋಚಿಸಿದ್ದಳು. ಹೋಗುತ್ತಿದ್ದವನು ಲಿಖಿತ್ ಒಬ್ಬನೇ, ಅವನ ಅಕ್ಕ ಹಂಸಳನ್ನು ಯಾರೂ ಕರೆದಿರಲಿಲ್ಲ. ಆದರೆ ಗೊತ್ತಿದ್ದೂ ಬಿಟ್ಟರೆ ಮುಚ್ಚಿಟ್ಟ ಹಾಗಾಗುತ್ತದೆ ಅನ್ನಿಸಿತ್ತು. ಮಗು ಊಟ ಬಿಟ್ಟರೆ ಅವರು ಕಾರಣವನ್ನಾದರೂ ತಿಳಿದುಕೊಂಡಿರಲಿ ಎಂದು ಬರೆದಿದ್ದಳು.

"ಇಷ್ಟು ದಿನ ಹುಡುಗನ್ನ ಮಾತ್ರ ಕೇಳ್ತಿದ್ರು," ಎಂದರು ಶಾಂತಕುಮಾರಿ. "ಈಗ ಇಬ್ರನ್ನೂ ಕೇಳ್ತಿದಾರೆ. ಈ ಹಾಳೇನ ಅರ್ಜಿ ಜೊತೆ ಹಾಕಿದಾರೆ. ತಮ್ಮನ್ನ ಸಾಕಿದ್ದೇ ಅಕ್ಕ, ತಾಯಿ ಕಾಲೇಜು ಅಂತ ತಿರುಗ್ತಿದ್ಲು, ಅವಳೇ ಬರ್ಕೊಟ್ಟಿದಾಳೆ ಅಂತ."

ಗಂಡ ಪ್ರೇಮ್‌ಕುಮಾರನದು ಬಾಣಸವಾಡಿಯ ಹಳೆಯ ಮನೆತನ. ಅವನ ತಂದೆ ಮುನಿಆಂಜನಪ್ಪ ಒಂದು ಕಾಲಕ್ಕೆ ಸೊಪ್ಪು ಬೆಳೆಯುತ್ತಿದ್ದ ಜಮೀನು ಈಗ ಎರಡು ಅಡ್ಡರಸ್ತೆಗಳಾಗಿತ್ತು. ಒಂದರ ಉದ್ದಕ್ಕೂ ಅವರವೇ ಬಾಡಿಗೆ ಮನೆಗಳು. ಎರಡು ಮಕ್ಕಳಾದ ಮೇಲೆ ಸೊಸೆ ಬಿ.ಕಾಂ. ಓದಲು ಸಂಜೆ ಕಾಲೇಜಿಗೆ ಸೇರಿದ್ದು ಆ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ. ಮೂರು ವರ್ಷ ಮಾತು ಕೇಳಿಸಿಕೊಂಡೇ ಸುಕನ್ಯ ಓದಿ ಮುಗಿಸಿದಳು. ಪ್ರೇಮ್‌ಕುಮಾರ್ ಎರಡನೆಯ ಸಲ ಕೈ ಮಾಡಿದ ಮಾರನೆಯ ಬೆಳಿಗ್ಗೆ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೊಸ ತಿಪ್ಪಸಂದ್ರದಲ್ಲಿದ್ದ ತಾಯಿ ಯಶೋದಮ್ಮನ ಮನೆಗೆ ಬಂದುಬಿಟ್ಟಳು. ಇಂದಿರಾನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಸಿಕ್ಕಿತು.

ಒಂದು ವರ್ಷ ಆ ಕಡೆಯಿಂದ ಸದ್ದೇ ಇರಲಿಲ್ಲ. ಲಿಖಿತ್‌ಗೆ ಐದು ತುಂಬಿದ ತಿಂಗಳೊಳಗೆ ನೋಟೀಸು ಬಂತು. ಐದರೊಳಗಿನ ಮಗುವನ್ನು ತಾಯಿಯಿಂದ ಬಿಡಿಸಿಕೊಳ್ಳುವುದು ಕೋರ್ಟಿನಲ್ಲಿ ಕಷ್ಟ, ಅದಕ್ಕೇ ಕಾದು ಕೂತಿದ್ದರು ಎಂದು ಶಾಂತಕುಮಾರಿ ವಿವರಿಸಿದ್ದರು. ವಿಚ್ಛೇದನಕ್ಕೆ ಇಬ್ಬರದೂ ಒಪ್ಪಿಗೆ ಇತ್ತು; ಜಗಳ ಇದ್ದದ್ದು ಮಕ್ಕಳ ವಿಷಯಕ್ಕೆ. ಹಿರಿಯರ ಸಮ್ಮುಖದಲ್ಲೇ ತೀರಿಸಿಕೊಳ್ಳೋಣವೆಂದು ಕರೆಸಿದಾಗ ಮುನಿಆಂಜನಪ್ಪ ಹಜಾರದ ಕುರ್ಚಿಯಲ್ಲಿ ಕೂತು, ಸೈಟು ಭಾಗ ಮಾಡುವವರ ದನಿಯಲ್ಲಿ ಹೇಳಿದ್ದರು: "ಗಂಡು ನಮ್ದು. ಹೆಣ್ಣುಮಗ ಅವ್ರವ್ವನ ತಾವೇ ಇರ್ಲಿ. ಮದ್ವೆ ಖರ್ಚು ಬೇಕಾರೆ ನಾವ್ ನೋಡ್ಕಂತೀವಿ."

ಹಂಸ ಆಗ ಬಾಗಿಲ ಬಳಿ ತಮ್ಮನ ಚಪ್ಪಲಿಯ ಬಕಲ್ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ಸುಕನ್ಯಳಿಗೆ ಒಳಗೊಳಗೇ ಸಮಾಧಾನವಾಯಿತು, ಒಬ್ಬಳ ವಿಷಯದಲ್ಲಾದರೂ ತಕರಾರಿಲ್ಲವಲ್ಲ ಎಂದು. ಆ ಸಮಾಧಾನದ ಬಗ್ಗೆ ಆಮೇಲೆ ಎಷ್ಟೋ ದಿನ ನಾಚಿಕೆಪಟ್ಟುಕೊಂಡಳು.

ಮಾತು ಮುರಿದು ವಿಷಯ ಕುಟುಂಬ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿನ ಸಲಹೆಗಾರರು, ನಾಲ್ಕು ವಾರ ಶುಕ್ರವಾರ ಸಂಜೆಯಿಂದ ಭಾನುವಾರದ ತನಕ ಹುಡುಗ ತಂದೆಯ ಮನೆಯಲ್ಲಿದ್ದು ನೋಡಲಿ, ಹೇಗೆ ಹೊಂದಿಕೊಳ್ಳುತ್ತಾನೋ ತಿಳಿಯುತ್ತದೆ ಎಂದರು. ಮೊದಲನೆಯ ವಾರ ಹೋದ ಲಿಖಿತ್ ಮುಖ ಬಾಡಿಸಿಕೊಂಡು ಬಂದ. ಎರಡು ದಿನ ಬಿಸ್ಕತ್ತು ಬಿಟ್ಟು ಏನೂ ಮುಟ್ಟಿರಲಿಲ್ಲವಂತೆ.

ಎರಡನೆಯ ಶುಕ್ರವಾರ ಪ್ರೇಮ್‌ಕುಮಾರ್ ಕಾರಿನಿಂದ ಇಳಿಯದೆ, ಗಾಜು ಇಳಿಸಿ, "ಹಂಸನೂ ಬರ್ಲಿ," ಎಂದ.

"ನಾನೂನಾ?" ಎಂದು ಹಂಸ ಕೇಳಿದಳು. ಮೊದಲು ಅಪ್ಪನನ್ನು, ಆಮೇಲೆ ಅಮ್ಮನನ್ನು. ಒಳಗೆ ಓಡಿ, ನೆಂಟರ ಮದುವೆಗೆ ಹೊಲಿಸಿದ್ದ ನೀಲಿ ಲಂಗವನ್ನೇ ಹಾಕಿಕೊಂಡು ಬಂದಳು. ಕಾರಿನ ಹಿಂದಿನ ಸೀಟಿನಲ್ಲಿ ಲಂಗ ಮುದುಡದಂತೆ ಎರಡೂ ಕೈಯಿಂದ ಹಿಡಿದು ಕೂತಿದ್ದವಳನ್ನು ನೋಡಿ ಸುಕನ್ಯಳಿಗೆ, ಅಂತೂ ಅವರಿಗೆ ನ್ಯಾಯ ಹೊಳೆಯಿತು ಅನ್ನಿಸಿತು. ಹಾಳೆಯ ನೆನಪೇ ಆಗಲಿಲ್ಲ. ಮೂರನೆಯ ವಾರವೂ, ನಾಲ್ಕನೆಯ ವಾರವೂ ಹಂಸ ಹೋಗಿ ಬಂದಳು.

"ಈಗ ಏನ್ ಮಾಡ್ಲಿ ಮೇಡಂ?" ಜೆರಾಕ್ಸ್ ಹಾಳೆಯಿಂದ ಕಣ್ಣೆತ್ತಿ ಸುಕನ್ಯ ಕೇಳಿದಳು.

"ಹುಡುಗಿಗೆ ಹತ್ತು ವರ್ಷ. ಜಡ್ಜು ಒಳಗೆ ಕರೆಸಿ ಅವಳನ್ನೇ ಕೇಳ್ತಾರೆ. ಅಕ್ಕ ತಮ್ಮನ್ನ ಬೇರೆ ಮಾಡೋಕೆ ಯಾರಿಗೂ ಮನಸ್ಸು ಬರಲ್ಲ. ಅಮ್ಮನ ಹತ್ರ ಅಂದ್ರೆ ಇಬ್ರೂ ನಿಮ್ಮ ಹತ್ರ. ಅಪ್ಪನ ಮನೆ ಅಂದ್ರೆ ಇಬ್ರೂ ಅಲ್ಲಿ." ಶಾಂತಕುಮಾರಿ ಹಾಳೆಯನ್ನು ಕಡತದೊಳಕ್ಕೆ ಸೇರಿಸಿದರು. "ಹೇಳಿಕೊಡಿ ಅಂತ ನಾನು ಹೇಳಲ್ಲ, ಹೇಳ್ಬಾರ್ದು. ಆದ್ರೆ ಅವಳನ್ನ ಯಾತಕ್ಕೆ ಕರೀತಿದಾರೆ ಅನ್ನೋದು ನಿಜ ತಾನೆ? ನಿಜ ಹೇಳೋದು ಹೇಳಿಕೊಟ್ಟಂಗಲ್ಲಮ್ಮ."

ಕೋರ್ಟಿನ ದಿನಕ್ಕೆ ಇನ್ನೂ ಐದು ದಿನವಿತ್ತು. ಲ್ಯಾಬಿನಲ್ಲಿ ಹೆಸರು, ವಯಸ್ಸು ಬರೆದುಕೊಳ್ಳುತ್ತಲೇ ಸುಕನ್ಯ ಮನಸ್ಸಿನಲ್ಲಿ ವಾಕ್ಯ ಜೋಡಿಸಿದಳು. ಅವರಿಗೆ ಬೇಕಾಗಿರುವುದು ಲಿಖಿತ್. ನೀನು ಅವನನ್ನು ನೋಡಿಕೊಳ್ಳುತ್ತೀಯ ಎಂದು ನಿನ್ನನ್ನೂ ಕರೆಯುತ್ತಿದ್ದಾರೆ. ಎಷ್ಟು ತಿದ್ದಿದರೂ ಅದು ಮೆದುವಾಗಲಿಲ್ಲ. ಒಮ್ಮೆ ಒಬ್ಬರು ಮುದುಕರ ವಯಸ್ಸಿನ ಜಾಗದಲ್ಲಿ ಹತ್ತು ಎಂದು ಬರೆದು, ಎಲ್ಲರ ಮುಂದೆ ಬೈಸಿಕೊಂಡಳು. ಮನೆಯಲ್ಲಿ ಯಶೋದಮ್ಮ ಬೇರೆ ದಿನಕ್ಕೊಂದು ಸಲ, ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ಹೆದರಿಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಹಂಸಳ ತಲೆಗೆ ಎಣ್ಣೆ ಹಚ್ಚಿ ಬಾಚಲು ಕೂರಿಸಿಕೊಂಡಳು. ಮುಖ ಕಾಣಿಸದಿದ್ದರೆ ಹೇಳುವುದು ಸುಲಭ ಎಂದು ಲೆಕ್ಕ ಹಾಕಿದ್ದಳು. ಹಂಸ ಮಾತ್ರ ಬಾಣಸವಾಡಿಯ ಸುದ್ದಿಯನ್ನೇ ಹೇಳುತ್ತಿದ್ದಳು. ಅಪ್ಪನ ತಾಯಿ ಅಕ್ಕಯಮ್ಮಜ್ಜಿ ಅವಳಿಗೆ ಬಳೆ ತೊಡಿಸಿದ್ದು. ಲಿಖಿತ್‌ನ ಪಕ್ಕದಲ್ಲೇ ಅವಳಿಗೂ ದಿಂಬು ಹಾಕಿದ್ದು. ತಾತ ಬಾಡಿಗೆ ಮನೆಯವರ ಹತ್ತಿರ, ಇವಳು ನನ್ನ ಮೊಮ್ಮಗಳು, ಕ್ಲಾಸಿಗೇ ಫಸ್ಟು ಎಂದು ಹೇಳಿದ್ದರಂತೆ. "ನಾನು ಫಸ್ಟ್ ಅಲ್ಲ ಅಲ್ವಾಮ್ಮ, ನಾಲ್ಕನೇ ರ‍್ಯಾಂಕು. ಆದ್ರೂ ಹಂಗೇ ಅಂದ್ರು."

"ಹಂಸಾ, ಅಲ್ಲಿ ನಿನ್ನ ಯಾಕೆ ಕರೀತಿದಾರೆ ಗೊತ್ತಾ?"

"ಗೊತ್ತು. ಮುಂಚೆ ನಾನಂದ್ರೆ ಅವ್ರಿಗೆ ಅಷ್ಟು ಇಷ್ಟ ಇರ್ಲಿಲ್ಲ. ಈಗ ಇಷ್ಟ."

ಬಾಚಣಿಗೆ ನಿಂತಿತು. ಸಂಜೆ ಐದೂವರೆಗೆ ಪುಸ್ತಕ ಎತ್ತಿಕೊಂಡು ಹೊರಡುವಾಗ ಆರು ವರ್ಷದ ಹಂಸಳ ಕೆನ್ನೆ ಮುಟ್ಟಿ, ತಮ್ಮನ್ನ ನೋಡ್ಕೋ, ನೀನು ಜಾಣೆ ಎಂದು ತಾನೇ ಹೇಳುತ್ತಿದ್ದುದು ಸುಕನ್ಯಳಿಗೆ ನೆನಪಾಯಿತು. ಮೂರು ವರ್ಷ, ದಿನಾ. ಬೇರೆ ಯಾವುದಕ್ಕಾದರೂ ಅವಳನ್ನು ಜಾಣೆ ಅಂದಿದ್ದೇನೆಯೇ ಎಂದು ಹುಡುಕಿದಳು. ತಟ್ಟನೆ ಒಂದೂ ಸಿಗಲಿಲ್ಲ. ಜೋಡಿಸಿಟ್ಟ ವಾಕ್ಯವನ್ನು ಈಗ ಹೇಳಿದರೆ, ಇನ್ನೊಂದು ದಿನ ಹುಡುಗಿ ಅದೇ ವಾಕ್ಯವನ್ನು ಈ ಮನೆಗೂ ಹಾಕಿ ನೋಡದೆ ಇರುತ್ತಾಳೆಯೇ?

"ಹೌದು ತಾನೆ ಅಮ್ಮ?" ಹಂಸ ತಿರುಗಲು ನೋಡಿದಳು. ಸುಕನ್ಯ ಅವಳ ತಲೆಯನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿದಳು.

"ಹೂಂ. ಇಷ್ಟ ಕಣೆ."

ಅಷ್ಟಾದರೂ ಮಗಳು ತನ್ನನ್ನೇ ಆರಿಸಿಕೊಳ್ಳುತ್ತಾಳೆ ಎಂಬ ನಂಬಿಕೆ ಒಳಗೆಲ್ಲೋ ಇತ್ತು. ಇಲ್ಲದಿದ್ದರೆ ಹಾಗೆ ಹೇಳುವ ಧೈರ್ಯ ಬರುತ್ತಿರಲಿಲ್ಲವೋ ಏನೋ.

ಹಂಸ ಜಡ್ಜರ ಕೋಣೆಯಲ್ಲಿದ್ದದ್ದು ಹತ್ತು ನಿಮಿಷ. ಹೊರಗೆ ಬಂದವಳು ಬೆಂಚಿನ ಮೇಲೆ ಅಮ್ಮನ ಪಕ್ಕಕ್ಕೆ ಒತ್ತಿ ಕೂತು, ಎದುರು ಬೆಂಚಿನಲ್ಲಿದ್ದ ಅಕ್ಕಯಮ್ಮನಿಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು: "ಬಾಣಸವಾಡಿ ಮನೆ ಅಂದೆ ಅಮ್ಮ. ನಿಂಗೆ ನಾನು ಹೆಂಗಿದ್ರೂ ಇಷ್ಟ ಅಲ್ವಾ? ಅವ್ರು ಈಗ ತಾನೇ ಕರೀತಿದಾರೆ. ಹೋಗ್ದಿದ್ರೆ ಮತ್ತೆ ಕರೀದೇ ಇದ್ಬಿಟ್ರೆ?"

ಮಕ್ಕಳಿಬ್ಬರೂ ತಂದೆಯ ಬಳಿ ಇರತಕ್ಕದ್ದು ಎಂದು ಆದೇಶವಾಯಿತು. ತಾಯಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಬೇಸಿಗೆ ಮತ್ತು ದಸರಾ ರಜೆಯಲ್ಲಿ ಅರ್ಧ. ವಿಚ್ಛೇದನದ ಒಪ್ಪಿಗೆ ಪತ್ರಕ್ಕೆ ಸುಕನ್ಯ ಒಂದೊಂದು ಪುಟದ ಕೆಳಗೂ ಅಚ್ಚುಕಟ್ಟಾಗಿ ಸಹಿ ಮಾಡಿದಳು. ಒಂದು ಕಡೆ ತಾರೀಖು ತಪ್ಪಾಗಿ ಟೈಪಾಗಿದ್ದುದನ್ನು ಅವಳೇ ತೋರಿಸಿ ತಿದ್ದಿಸಿದಳು.

ಅದು ಮೇ ತಿಂಗಳು. ಸೆಪ್ಟೆಂಬರ್‌ನ ಒಂದು ಮಂಗಳವಾರ ಬೆಳಿಗ್ಗೆ, ಅವಳು ಲ್ಯಾಬಿಗೆ ಹೊರಡುವ ಹೊತ್ತಿಗೆ, ಕಾರು ಬಂದು ಮನೆ ಮುಂದೆ ನಿಂತಿತು. ಹಂಸ ಶಾಲೆಯ ಯೂನಿಫಾರ್ಮಿನಲ್ಲೇ ಇಳಿದಳು. ಪ್ರೇಮ್‌ಕುಮಾರ್ ಡಿಕ್ಕಿಯಿಂದ ಅವಳ ಬ್ಯಾಗು ತೆಗೆದು ಮೆಟ್ಟಿಲ ಮೇಲಿಟ್ಟ.

"ಲಿಖಿತ್‌ಗೆ ಈಗ ನಮ್ಮವ್ವಂದೇ ರೂಢಿ ಆಗೈತೆ," ಎಂದ, ಬ್ಯಾಗಿನ ಕಡೆ ನೋಡುತ್ತ. "ಸ್ಕೂಲಲ್ಲಿ ತಾನೇ ಸ್ಪೂನಲ್ಲಿ ತಿಂತಾನಂತೆ. ಇವ್ಳೂ ದೊಡ್ಡೋಳಾಗ್ತಾವ್ಳೆ, ತಾಯಿ ತಾವ ಇದ್ರೇ ಸರಿ ಅಂದ್ಲು ಅವ್ವ."

"ಆರ್ಡರಲ್ಲಿ ಇಬ್ರೂ ಜೊತೇಲಿ ಅಂತ ಇದೆ."

"ಆರ್ಡರ್ ಬಿಡು. ನಾನೂ ಕೇಳಲ್ಲ, ನೀನೂ ಹೇಳ್ಬೇಡ."

"ಹಂಗಾದ್ರೆ ಲಿಖಿತ್‌ನೂ ಕಳಿಸಿ."

ಅವನು ಡಿಕ್ಕಿ ಮುಚ್ಚಿ ಕಾರು ಹತ್ತಿದ. ಅಂದೇ ಮಧ್ಯಾಹ್ನ ಸುಕನ್ಯ ಶಾಂತಕುಮಾರಿಗೆ ಫೋನು ಮಾಡಿದಳು. ಮತ್ತೆ ಅರ್ಜಿ ಹಾಕಬಹುದು, ವಿಚಾರಣೆಗೆ ಬರಲು ವರ್ಷವಾದರೂ ಹಿಡಿಯುತ್ತದೆ, ಅಷ್ಟರಲ್ಲಿ ಹುಡುಗ ಅಲ್ಲಿಗೇ ಹೊಂದಿಕೊಂಡಿರುತ್ತಾನೆ ಎಂದರು. ಹಾಕಿ ಎಂದಳು ಸುಕನ್ಯ. ಈ ಸಲ ಏನೂ ಬರೆದು ಯಾರಿಗೂ ಕೊಡಬೇಡಿ ಎಂದು ಎಚ್ಚರಿಸಿ ಅವರು ಫೋನಿಟ್ಟರು.

ಸಂಜೆ ಹಂಸ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಅಳುತ್ತಿರಲಿಲ್ಲ. ಲೆಕ್ಕ ಎಲ್ಲಿ ತಪ್ಪಾಯಿತೆಂದು ಟೀಚರನ್ನು ಕೇಳುವಂತಿತ್ತು ದನಿ.

"ನಾನೇನ್ ಮಾಡ್ದೆ ಅಮ್ಮ ಅಲ್ಲಿ? ಅವ್ನು ಬಿದ್ದಿದ್ದು ನಾನು ತಳ್ಳಿ ಅಲ್ಲ. ಅಜ್ಜಿ ಕೇಳ್ದಾಗ್ಲೂ ಹೇಳ್ದೆ. ಲೋಟ ಒಡ್ದಿದ್ದು ಒಂದೇ ಸಲ."

ಸುಕನ್ಯ ಒಲೆ ಆರಿಸಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಂದು ನುಂಗಿಕೊಂಡ ವಾಕ್ಯವನ್ನು ಈಗ ಹೇಳಬಹುದಿತ್ತು. ಆದರೆ ಆಗ ಕಹಿಯಾಗಿದ್ದರೂ ಮಗಳನ್ನು ಉಳಿಸುತ್ತಿದ್ದ ಮಾತು, ಈಗ ಬರೀ ಕಹಿಯಷ್ಟೇ.

"ನೀನೇನೂ ಮಾಡ್ಲಿಲ್ಲ ಕಂದ. ತಪ್ಪು ನಂದು."

ಹಂಸ ತಲೆಯಾಡಿಸಿದಳು, ದೊಡ್ಡವರು ಸಮಾಧಾನಕ್ಕೆ ಏನಾದರೂ ಹೇಳಿದಾಗ ಮರ್ಯಾದೆಗೆ ಆಡಿಸುವ ಹಾಗೆ. ಆಮೇಲೆ, "ಇಲ್ಲಿ ಎಷ್ಟು ದಿನ?" ಎಂದು ಕೇಳಿದಳು.

ಇನ್ನು ಯಾವಾಗಲೂ ಇಲ್ಲೇ ಎಂದು ಸುಕನ್ಯ ಹೇಳಿದಳು. ಎರಡು ಸಲ ಹೇಳಿದಳು. ಮಾರನೆಯ ದಿನ ತನ್ನ ಸೀರೆಗಳನ್ನು ಟ್ರಂಕಿಗೆ ತುಂಬಿ, ಬೀರುವಿನ ನಡುವಿನ ಅರೆ ಖಾಲಿ ಮಾಡಿ, ಹೊಸ ಪೇಪರು ಹಾಸಿಕೊಟ್ಟಳು. ಇದು ನಿಂದು ಎಂದಾಗ ಹಂಸ, ಚೆನ್ನಾಗಿದೆ ಅಂದಳು.

ವಾರ ಕಳೆಯಿತು. ನಾಲ್ಕನೆಯ ಭಾನುವಾರ ಲಿಖಿತ್ ಬಂದು, ಐದು ಗಂಟೆಗೆ ಹೋದ. ಅವನು ಹೋದ ಮೇಲೆ ಹಂಸ ಮಹಡಿಗೆ ಹೋಗಿ, ತಂತಿಯ ಮೇಲೆ ಒಣಗಿದ್ದ ತನ್ನ ಬಟ್ಟೆಗಳನ್ನು ತಂದಳು. ಚಾಪೆಯ ಮೇಲೆ ಕೂತು ಒಂದೊಂದನ್ನೂ ತೊಡೆಯ ಮೇಲಿಟ್ಟು ಸುಕ್ಕು ನೀವಿ, ಮಡಿಸಿದಳು. ಮಡಿಸಿದ್ದನ್ನೆಲ್ಲ ಬ್ಯಾಗಿನೊಳಗೆ ಇಟ್ಟು, ಜಿಪ್ ಎಳೆದು, ಬಾಗಿಲ ಪಕ್ಕ, ಚಪ್ಪಲಿಗಳ ಹತ್ತಿರ ಗೋಡೆಗೆ ಒರಗಿಸಿಟ್ಟಳು.